ಅಸಂಪ್ತಾ ಕಾಣದ ಗೆಲುವುಗಳು

ಅಸಂಪ್ತಾ ಹೆನೆಬ್ರಿಯ ಕುದುರೆ ಮೊದಲ ಸಲ ರೇಸು ಗೆದ್ದಾಗ ಅಸಂಪ್ತಾ ಹೆಂಗಸರ ಟಾಯ್ಲೆಟ್ಟಿನೊಳಗೆ ಸಿಕ್ಕಿಹಾಕಿಕೊಂಡಿದ್ದಳು. ಹದಿನಾಲ್ಕು ವರ್ಷ ಟ್ರೇನರ್ ಲೈಸೆನ್ಸ್ ಇಟ್ಟುಕೊಂಡು ಒಂದೂ ಗೆಲುವು ಕಾಣದವಳು, ಕಾಣಬೇಕಾದ ದಿನ ಕಂಡದ್ದು ಬಾಗಿಲ ಮೇಲೆ ಯಾರೋ ಪೆನ್ನಿನಲ್ಲಿ ಗೀಚಿದ್ದ ಫೋನ್ ನಂಬರು.

ರೇಸ್‌ಕೋರ್ಸಿನ ಹೆಸರು ಹೇಳುವುದಿಲ್ಲ, ಅದರ ಮಾನ ಉಳಿಯಲಿ. ನಾನು ಆಗ ಬಾಗಿಲ ಹೊರಗೆ ಕೈ ತೊಳೆಯುತ್ತಿದ್ದೆ.

"ಯಾರಾದ್ರೂ ಇದ್ದೀರಾ?" ಒಳಗಿಂದ ದನಿ ಬಂತು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಂಥ ಜಾಗದಲ್ಲಿ ಬಾಗಿಲಾಚೆಯವರ ಜೊತೆ ಮಾತಾಡಕೂಡದೆಂದು ಸಿಸ್ಟರುಗಳು ಕಲಿಸಿದ್ದರು. ಕೇಳಿಸದವಳ ಹಾಗೆ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟೆ.

"ನಲ್ಲಿ ಸದ್ದು ಕೇಳಿಸ್ತು. ಇದ್ದೀಯಲ್ಲ! ಯಾರು ನೀನು?"

"ನಾನು, ಔಷಧಿ ಅಂಗಡಿಯವಳು," ಎಂದೆ.

"ಸದ್ಯ! ಹುಡುಗಿ, ಈ ಚಿಲಕ ಕೈಗೇ ಬಂದ್ಬಿಡ್ತು. ಹಿಡಿ, ಸ್ಕ್ರೂ, ಪೂರ್ತಿ ಸಂಸಾರ. ಹೊರಗೇನಾಗ್ತಿದೆ?"

ಹೊರಗೆ ಆಗುತ್ತಿದ್ದುದನ್ನು ಗೋಡೆಯ ಮೇಲಿನ ಮೈಕೇ ಕಿರುಚಿ ಹೇಳುತ್ತಿತ್ತು. ಹನ್ನೊಂದು ಕುದುರೆ, ಹಾರಿ ದಾಟಲು ಹನ್ನೆರಡು ಬೇಲಿ, ಮುಂದೆ 'ಲೇಟ್ ಫಾರ್ ಮಾಸ್'. ಅಂದರೆ ಪೂಜೆಗೆ ತಡ. ಅದು ಅಸಂಪ್ತಾಳ ಕುದುರೆಯ ಕಾಗದದ ಹೆಸರು, ಲಾಯದಲ್ಲಿ ಅವನು ಬರೀ ಟೆಡ್. ಪೂಜೆಗೆ ತಡವಾದವನು ಅಂದು ಎಲ್ಲರಿಗಿಂತ ಮೊದಲು ಬಂದ. ನಾಲ್ಕು ಕುದುರೆಯುದ್ದ ಮುಂದೆ. ಮೈಕಿನವನು ಹಾಡು ಮುಗಿಸಿ ಉಸಿರೆಳೆದುಕೊಂಡ ಮೇಲೆ, ಗೆದ್ದ ಕುದುರೆಯ ಟ್ರೇನರ್ ದಯವಿಟ್ಟು ಬಹುಮಾನದ ಕಟಕಟೆಗೆ ಬರಬೇಕೆಂದು ಮೂರು ಸಲ ಕರೆದ. ಮೂರು ಸಲವೂ ಅಸಂಪ್ತಾ ಒಳಗಿನಿಂದ "ಬಂದೆ! ಬಂದೆ!" ಎಂದು ಕೂಗಿದಳು.

ಸ್ಪ್ಯಾನರು ತಂದು ಬಾಗಿಲನ್ನೇ ಕೀಳಿಸಬೇಕಾಯಿತು. ಮಾರನೆಯ ವಾರದ ಸ್ಥಳೀಯ ಪೇಪರಿನ ಫೋಟೋದಲ್ಲಿ ಕುದುರೆಯ ಮಾಲೀಕ ಕಪ್ ಹಿಡಿದಿದ್ದಾನೆ, ಜಾಕಿ ಜೀನು ಹಿಡಿದಿದ್ದಾನೆ, ಅಸಂಪ್ತಾ ಚಿಲಕ ಹಿಡಿದಿದ್ದಾಳೆ.

ನಮ್ಮದು ಐರ್ಲೆಂಡಿನ ವಾಟರ್‌ಫರ್ಡ್ ಸೀಮೆಯ ಗುಡ್ಡಗಾಡು. ಹಿಂದಿರುವ ಬೆಟ್ಟಸಾಲಿಗೆ ಕಾಮೆರಾ ಎಂದು ಹೆಸರು. ಹೆಸರಿಗೆ ತಕ್ಕ ಹಾಗೆ ಅದು ಎಂದೂ ಫೋಟೋಗೆ ಸಿಕ್ಕಿದ್ದಿಲ್ಲ, ಮುನ್ನೂರು ದಿನ ಮಂಜು ಹೊದ್ದು ಮಲಗಿರುತ್ತದೆ. ಅದರ ಬುಡದಲ್ಲಿ ಅಸಂಪ್ತಾಳ ಲಾಯ. ಐದು ಕೋಣೆ, ಮೂರು ಕುದುರೆ. ಮೂರರಲ್ಲಿ ಒಂದು ಓಡುತ್ತದೆ, ಒಂದು ಮುಂದಿನ ವರ್ಷ ಓಡಲಿದೆ ಎಂದು ಮೂರು ವರ್ಷದಿಂದ ಹೇಳುತ್ತಿದ್ದಾರೆ, ಇನ್ನೊಂದು ಅವಳ ಅಪ್ಪನ ಕಾಲದ್ದು, ಓಟದಿಂದ ನಿವೃತ್ತಿ, ಊಟದಿಂದಲ್ಲ. ಬೆಳಿಗ್ಗೆ ಎಂಟಕ್ಕೆ ಶಾಲೆಯ ವ್ಯಾನು ಓಡಿಸುತ್ತಾಳೆ, ಅದರ ಸಂಬಳದಲ್ಲಿ ಓಟ್ಸ್ ಬರುತ್ತದೆ. ವಯಸ್ಸು ಅರವತ್ತೊಂದು, ಮದುವೆಯಾಗಿಲ್ಲ. ಹೆಸರಿನಲ್ಲೇ ಸಂಪತ್ತಿದ್ದರೂ ಮುಂದೊಂದು 'ಅ' ಅಂಟಿಕೊಂಡು ಕೆಟ್ಟಿತು ಎಂದು ಒಮ್ಮೆ ಕನ್ನಡದಲ್ಲಿ ಹೇಳಿ, ಅರ್ಥವನ್ನೂ ಬಿಡಿಸಿ ಹೇಳಿದ್ದೆ. ಅವಳು ನಕ್ಕು, "ನಮ್ಮ ಬ್ಯಾಂಕಿನವನಿಗೆ ನಿಮ್ಮ ಭಾಷೆ ಬರತ್ತೇನೋ, ಅವನೂ ಇದೇ ಅಂತಾನೆ," ಎಂದಳು.

ಅವಳು ಕುದುರೆಯನ್ನು ನೋಡುವುದು ಕಣ್ಣಿನಿಂದಲ್ಲ. ಬೆಳಿಗ್ಗೆ ಆರಕ್ಕೆ, ಎಂಥ ಚಳಿಯಿದ್ದರೂ ಬರಿಗೈಯಲ್ಲಿ, ಟೆಡ್‌ನ ನಾಲ್ಕೂ ಕಾಲುಗಳನ್ನು ಮಂಡಿಯಿಂದ ಗೊರಸಿನವರೆಗೆ ಸವರುತ್ತಾಳೆ. ಎಲ್ಲಾದರೂ ಒಂದು ನಾಣ್ಯದಗಲ ಬಿಸಿ ತಗುಲಿದರೆ ಆ ವಾರ ಓಟವಿಲ್ಲ. ಆಮೇಲೆ ಬಕೆಟ್ಟಿನ ತಳ. ನೆಕ್ಕಿ ಫಳಫಳ ಮಾಡಿದ್ದರೆ ಸರಿ, ನಾಲ್ಕು ಕಾಳು ಉಳಿಸಿದ್ದರೆ ವಿಚಾರಣೆ. ಆಮೇಲೆ ಕಣ್ಣು ಮುಚ್ಚಿ ಕಲ್ಲುಹಾಸಿನ ಮೇಲೆ ಅವನು ನಡೆಯುವ ಸದ್ದು ಕೇಳುತ್ತಾಳೆ. ಒಮ್ಮೆ ನಾನು ಪಕ್ಕದಲ್ಲಿದ್ದೆ. "ಎಡ ಹಿಂಗಾಲಿನ ಲಾಳ ಸಡಿಲ," ಎಂದಳು. ನನಗೆ ಕೇಳಿಸಿದ್ದು ಟಕಟಕ ಅಷ್ಟೆ. ಲಾಳ ಕಟ್ಟುವವನು ಬಂದು ನೋಡಿದರೆ ಎಡ ಹಿಂಗಾಲೇ, ಒಂದು ಮೊಳೆ ಸಡಿಲ.

ಮೊದಲ ಗೆಲುವು ಸೆಪ್ಟೆಂಬರಿನಲ್ಲಿ. ಅಕ್ಟೋಬರಿನಲ್ಲಿ ಟೆಡ್ ಮತ್ತೆ ಓಡಿದ. ಅಸಂಪ್ತಾ ಹೊಸ ದುರ್ಬೀನು ಕೊಂಡು ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಮೇಲಿನ ಮೆಟ್ಟಿಲ ಮೇಲೆ ನಿಂತಳು. ಎರಡನೆಯ ಬೇಲಿಯಲ್ಲಿ ಟೆಡ್ ಜಾಕಿಯನ್ನು ಇಳಿಸಿ, ಒಬ್ಬನೇ ಇಡೀ ಸುತ್ತು ಖುಷಿಯಾಗಿ ಓಡಿ ಬಂದ. ನವೆಂಬರಿನಲ್ಲಿ ಅವಳಿಗೆ ಹೊಟ್ಟೆ ಕೆಟ್ಟಿತು. ಅದಕ್ಕೆ ಮಾತ್ರೆ ಕೊಟ್ಟವಳು ನಾನೇ. ಮಾತ್ರೆ ಕೆಲಸ ಮಾಡಲಿಲ್ಲ, ಆದ್ದರಿಂದ ಓಟದ ಹೊತ್ತಿಗೆ ಅವಳು ಮತ್ತೆ ಟಾಯ್ಲೆಟ್ಟಿನಲ್ಲಿದ್ದಳು, ನಾನು ಮತ್ತೆ ಹೊರಗಿದ್ದೆ. ಟೆಡ್ ಏಳು ಕುದುರೆಯುದ್ದದಿಂದ ಗೆದ್ದ.

ಅಂದು ಸಂಜೆ ವೀಲನ್‌ನ ಅಂಗಡಿಯಲ್ಲಿ ಇಡೀ ಊರು ಈ ಲೆಕ್ಕವನ್ನು ಕೂಡಿಸಿತು.

ಕಾರ್ಮಕ್ ವೀಲನ್ ಎಂದರೆ ಟೆಡ್‌ನ ಮಾಲೀಕ. ಹೆಸರು ವೀಲನ್, ಮನುಷ್ಯ ವಿಲನ್ ಅಲ್ಲ. ಒಂದೇ ಕಟ್ಟಡ, ಎರಡು ಬಾಗಿಲು. ಎಡಕ್ಕೆ ಹೋದರೆ ಪಬ್ಬು, ಬಲಕ್ಕೆ ಹೋದರೆ ಶವಪೆಟ್ಟಿಗೆ. ಊರಿನವರು ಎಡಬಾಗಿಲಿನಿಂದ ಹೋಗಿ ಹೋಗಿ ಒಂದು ದಿನ ಬಲಬಾಗಿಲಿಗೆ ತಲುಪುತ್ತಾರೆ.

"ಒಳಗಿದ್ಲು, ಗೆದ್ದ. ಹೊರಗಿದ್ಲು, ಜಾಕಿ ಬಿದ್ದ. ಒಳಗಿದ್ಲು, ಗೆದ್ದ," ಎಂದ ವೀಲನ್, ಬಿಯರ್ ಗ್ಲಾಸುಗಳನ್ನು ಕೌಂಟರಿನ ಮೇಲೆ ಸಾಕ್ಷಿಗಳ ಹಾಗೆ ನಿಲ್ಲಿಸುತ್ತ. "ಇನ್ನೇನ್ ಬೇಕು ನಿಮಗೆ? ಪೋಪ್ ಕೈಲಿ ಸಹಿ ಹಾಕಿಸ್ಬೇಕಾ?"

"ಬರೀ ಒಳಗಿದ್ರೆ ಸಾಲದು," ಎಂದ ಮಾಟಿ. ಅಸಂಪ್ತಾಳ ಅಣ್ಣ, ಅರವತ್ತಾರು ವರ್ಷ, ಟೆಡ್‌ನನ್ನು ಹಗ್ಗ ಹಿಡಿದು ನಡೆಸುವವನು ಅವನೇ. ವರ್ಷಕ್ಕೆ ಇಷ್ಟು ಮಾತು ಎಂದು ಪಡಿತರ ಚೀಟಿ ಇದ್ದವನಂತೆ ಆಡುವವನು ಅಂದು ಧಾರಾಳವಾಗಿ ಖರ್ಚು ಮಾಡಿದ. "ಎರಡು ಸಲಾನೂ ಎಡದಿಂದ ಮೂರನೇ ಬಾಗಿಲು. ಎರಡು ಸಲಾನೂ ಕಂದು ಕೋಟು. ಎರಡು ಸಲಾನೂ ಇವಳು ಹೊರಗೆ ಕೈ ತೊಳೀತಿದ್ಲು."

ಎಲ್ಲರೂ ನನ್ನ ಕಡೆ ತಿರುಗಿದರು.

"ನಾನು ಸುಮ್ನೆ..." ಎಂದೆ.

"ನೀನು ಸುಮ್ನೆ ಅಲ್ಲ," ಎಂದ ವೀಲನ್ ಗಂಭೀರವಾಗಿ. "ಇನ್ಮೇಲೆ ನೀನು ಸಿಬ್ಬಂದಿ."

ಹೀಗೆ ನಾನು ಐರ್ಲೆಂಡಿನ ಕುದುರೆ ರೇಸಿನ ಒಂದು ಅಂಗವಾದೆ. ಡಿಸೆಂಬರಿನ ಮೊದಲ ವಾರ ವೀಲನ್ ತನ್ನ ಶವದ ವ್ಯಾನಿನಲ್ಲೇ ನಮ್ಮನ್ನು ರೇಸಿಗೆ ಕರೆದುಕೊಂಡು ಹೋದ, ಅದರಲ್ಲಿ ಹೀಟರ್ ಚೆನ್ನಾಗಿದೆ. ಅಸಂಪ್ತಾ ಎಡದಿಂದ ಮೂರನೆಯದಕ್ಕೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಕೈ ತೊಳೆಯಲು ನಿಂತೆ. ಓಟ ಆರು ನಿಮಿಷ. ಏಸುವನ್ನು ಶಿಲುಬೆಗೆ ಒಪ್ಪಿಸಿ ಕೈ ತೊಳೆದುಕೊಂಡ ಪಿಲಾತ ಕೂಡ ಅಷ್ಟು ಹೊತ್ತು ತೊಳೆದಿರಲಿಕ್ಕಿಲ್ಲ. ಟೆಡ್ ಗೆದ್ದ. ನನ್ನ ಬೆರಳುಗಳು ಒಣದ್ರಾಕ್ಷಿಯಾದವು.

ಆ ಆರು ನಿಮಿಷ ಒಳಗೆ ಅವಳೇನು ಮಾಡುತ್ತಾಳೆಂಬುದು ನನಗೆ ದೊಡ್ಡ ಕುತೂಹಲ. ಸದ್ದೇ ಇರುತ್ತಿರಲಿಲ್ಲ. ಅಂದು ನಲ್ಲಿಯಡಿ ಕೈಯಿಟ್ಟುಕೊಂಡೇ ಬಾಗಿಲ ಕೆಳಗಿನ ಸಂದಿನಿಂದ ಬಗ್ಗಿ ನೋಡಿಬಿಟ್ಟೆ, ಸಿಸ್ಟರುಗಳು ಕ್ಷಮಿಸಲಿ. ಕಂಡದ್ದು ಎರಡು ಬೂಟು. ಮೈಕಿನವನು "ಹಾರಿದ!" ಎಂದಾಗಲೆಲ್ಲ ಎರಡೂ ಬೂಟುಗಳು ನೆಲದಿಂದ ಗೇಣುದ್ದ ಮೇಲೇಳುತ್ತಿದ್ದವು, ಮೆತ್ತಗೆ ಇಳಿಯುತ್ತಿದ್ದವು. ಹನ್ನೆರಡು ಬೇಲಿ, ಹನ್ನೆರಡು ಸಲ.

ಹೊರಗೆ ಬಂದವಳು ನೇರ ಅಣ್ಣನ ಹತ್ತಿರ ಹೋದಳು.

"ಹೇಗೆ ಹಾರಿದ, ಮಾಟಿ?"

"ಚೆನ್ನಾಗಿ."

"ಕೊನೇ ಬೇಲೀಲಿ?"

"ಅದೂ."

"ಕಿವಿ ಹೇಗಿತ್ತು? ಖುಷಿಯಾಗಿ ಮುಂದಕ್ಕಿತ್ತಾ, ಹಿಂದಕ್ಕಿತ್ತಾ?"

ಮಾಟಿ ಯೋಚಿಸಿದ. "ತಲೆ ಮೇಲಿತ್ತು."

ಅಂದು ವ್ಯಾನಿನಲ್ಲಿ ಹಿಂದಿರುಗುವಾಗ ಅವಳು ಕಿಟಕಿಯಾಚೆ ನೋಡುತ್ತ ನನಗೊಬ್ಬಳಿಗೇ ಕೇಳಿಸುವಂತೆ ಹೇಳಿದಳು. "ಆರು ವರ್ಷದವಳಿದ್ದಾಗಿಂದ ಒಂದೇ ಆಸೆ ಹುಡುಗಿ. ನಾನೇ ತಯಾರು ಮಾಡಿದ ಕುದುರೆ ಮೊದಲು ಬರೋದನ್ನ ನಿಂತು ನೋಡಬೇಕು. ಅಪ್ಪ ನೋಡದೇ ಹೋದ. ನಾನು ಮೂರು ಸಲ ಗೆದ್ದೆ, ಒಂದೂ ನೋಡಿಲ್ಲ."

"ಫೋನಲ್ಲಿ ಸಿಗತ್ತಲ್ಲ, ತೋರಿಸ್ಲಾ?"

"ಬೇಡ. ಗೆದ್ದಿದ್ದು ಗೊತ್ತಾದ್ಮೇಲೆ ನೋಡೋದು ನೋಡೋದಲ್ಲ. ಎದೆ ಹೊಡ್ಕೋಬೇಕು."

"ಹಾಗಾದ್ರೆ ಮುಂದಿನ ಸಲ ಹೊರಗೇ ನಿಲ್ಲು. ಈ ಚಿಲಕದ ಕಥೆ ನೀನು ನಂಬ್ತೀಯಾ?"

"ನಂಬಲ್ಲ," ಎಂದಳು. ಕಿಟಕಿಯ ಮೇಲಿನ ಹಬೆ ಒರೆಸಿ, "ಆದ್ರೆ ಬಿದ್ದುಬಿಟ್ರೆ?"

ಬಿದ್ದರೆ ಏನಾಗುತ್ತದೆಂಬುದು ಆ ವ್ಯಾನಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಿಲ್ಡೇರ್ ಕಡೆಯ ದೊಡ್ಡ ಟ್ರೇನರೊಬ್ಬ, ಕುದುರೆಯನ್ನು ತನ್ನ ಲಾಯಕ್ಕೆ ಕಳಿಸೆಂದು ವೀಲನ್‌ಗೆ ಫೋನು ಮಾಡತೊಡಗಿದ್ದ. ಅವನ ಹತ್ತಿರ ನೂರ ನಲವತ್ತು ಕುದುರೆ, ಕುದುರೆಗಳಿಗೆ ಈಜುಕೊಳ, ಕುದುರೆಗಳಿಗೆ ಮೈ ಕಾಯಿಸುವ ದೀಪ. ಒಳ್ಳೆಯ ಕುದುರೆ ಸಣ್ಣ ಲಾಯದಲ್ಲಿದ್ದರೆ ದೊಡ್ಡವರಿಗೆ ನಿದ್ದೆ ಬರುವುದಿಲ್ಲ. ವೀಲನ್ ಇದನ್ನು ಮುಚ್ಚಿಡಲಿಲ್ಲ, ಕ್ರಿಸ್ಮಸ್ಸಿಗೆ ನಾಲ್ಕು ದಿನ ಮೊದಲು ಅಸಂಪ್ತಾಳ ಅಡಿಗೆಮನೆಗೇ ಬಂದು, ಟೋಪಿ ಮಂಡಿಯ ಮೇಲಿಟ್ಟುಕೊಂಡು ಹೇಳಿದ. ಜ್ವರದ ಔಷಧಿ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ.

"ಸ್ಟೀಫನ್ಸ್ ದಿನ ಲಿಮರಿಕ್‌ನಲ್ಲಿ ಗೆದ್ದರೆ ನಾನು ಆ ಫೋನು ಎತ್ತೋದೇ ಇಲ್ಲ, ಅಸಂಪ್ತಾ. ಸೋತ್ರೆ... ನಂಗೂ ಅರವತ್ತೆಂಟಾಯ್ತು. ಇನ್ನೊಂದು ಟೆಡ್ ಸಿಗಲ್ಲ ನಂಗೆ."

"ನಂಗೆ ಸಿಗ್ತಾನಾ?" ಎಂದಳು ಅವಳು, ಒಲೆಯ ಮೇಲೆ ಕುದುರೆಗೆಂದು ಬೇಯುತ್ತಿದ್ದ ಅಗಸೆಬೀಜದ ಗಂಜಿ ತಿರುವುತ್ತ.

ವೀಲನ್ ಬೂಟಿನ ತುದಿ ನೋಡಿಕೊಂಡ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಎಡದಿಂದ ಮೂರನೇದು. ಮರೀಬೇಡ," ಎಂದ.

ಸ್ಟೀಫನ್ಸ್ ದಿನ ಎಂದರೆ ಕ್ರಿಸ್ಮಸ್ಸಿನ ಮಾರನೆಯ ದಿನ. ದೇಶವೆಲ್ಲ ಉಳಿದ ಟರ್ಕಿಯನ್ನು ಬ್ರೆಡ್ಡಿನೊಳಗೆ ತುರುಕಿಕೊಂಡು, ನೆಂಟರಿಂದ ತಪ್ಪಿಸಿಕೊಳ್ಳಲು ರೇಸಿಗೆ ಹೋಗುತ್ತದೆ. ಲಿಮರಿಕ್‌ನಲ್ಲಿ ಮೂರು ದಿನದಿಂದ ಮಳೆ ಹೊಯ್ದು ನೆಲ ಪಾಯಸವಾಗಿತ್ತು. ಬೆಳಿಗ್ಗೆ ಆರಕ್ಕೆ ಟೆಡ್‌ನ ನಾಲ್ಕೂ ಕಾಲು ತಣ್ಣಗಿದ್ದವು, ಬಕೆಟ್ಟಿನ ತಳ ಹೊಳೆಯುತ್ತಿತ್ತು. ಅಸಂಪ್ತಾ ಕಂದು ಕೋಟು ಹಾಕಿಕೊಂಡಿದ್ದಳು. ಮಾಟಿ ಕುದುರೆಯನ್ನು ಸುತ್ತು ನಡೆಸಿದ, ಜಾಕಿ ಏರಿದ. ವೀಲನ್ ಅದೃಷ್ಟಕ್ಕೆಂದು ಅಸಂಪ್ತಾಳಿಂದ ಇಸಿದುಕೊಂಡು ಜೇಬಿನಲ್ಲಿಟ್ಟಿದ್ದ ಹಳೆಯ ಚಿಲಕವನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ನನಗೆ ಕಣ್ಸನ್ನೆ ಮಾಡಿ, ಸ್ಟ್ಯಾಂಡಿನ ಕಡೆ ಹೋದ.

ನಾವು ಹೋಗಿ ನೋಡಿದರೆ ಹೆಂಗಸರ ಸಾಲು ಬಾಗಿಲಿನಿಂದ ಚಿಪ್ಸ್ ಗಾಡಿಯವರೆಗೆ ಬೆಳೆದಿತ್ತು. ಹಬ್ಬದ ಜನ. ನಲವತ್ತು ಜನರಾದರೂ ಇದ್ದರು. ಓಟಕ್ಕೆ ಎಂಟು ನಿಮಿಷ.

ಸಾಲಿನಲ್ಲಿ ಹಸಿರು ಟೋಪಿಯ ದಪ್ಪ ಹೆಂಗಸೊಬ್ಬಳು ತಿರುಗಿ ನೋಡಿ, "ಅಯ್ಯೋ! ನೀನು ಪೇಪರಿನಲ್ಲಿ ಬಂದ ಮೂರನೇ ಬಾಗಿಲ ಚಿಲಕದವಳಲ್ವಾ?" ಎಂದು ಕೂಗಿದಳು. "ಬಿಡ್ರೇ, ದಾರಿ ಬಿಡ್ರೇ ಇವಳಿಗೆ! ಇಪ್ಪತ್ತು ಯೂರೋ ಹಾಕಿದೀನಿ ಇವಳ ಕುದುರೆ ಮೇಲೆ!"

"ನಾನು ಹತ್ತು!" ಎಂದಳು ಇನ್ನೊಬ್ಬಳು. "ಹೋಗಮ್ಮಾ, ಬೇಗ ಒಳಗೆ ಹೋಗು! ಮೂರನೇದ್ರಲ್ಲಿ ಯಾರೇ ಅದು? ಹೊರಗೆ ಬಾರೇ, ಮನೇಲಿ ಹೋಗುವಂತೆ!"

ಐರ್ಲೆಂಡಿನ ಇತಿಹಾಸದಲ್ಲಿ ಹೆಂಗಸರ ಸಾಲು ಯಾರಿಗೂ ಹೀಗೆ ಬಾಯ್ತೆರೆದು ದಾರಿ ಬಿಟ್ಟದ್ದಿಲ್ಲ. ಬೆನ್ನ ಮೇಲೆ ಕೈಯಿಟ್ಟು ನೂಕಿದರು. ಎಡದಿಂದ ಮೂರನೆಯದರಿಂದ ಒಬ್ಬ ಹುಡುಗಿ ಲಿಪ್‌ಸ್ಟಿಕ್ ಕೈಯಲ್ಲೇ ಹಿಡಿದು ಓಡಿಬಂದಳು. ಬಾಗಿಲು ತೆರೆದೇ ಇತ್ತು. ನಾನು ತೋಳು ಮಡಿಸಿ ನಲ್ಲಿಯ ಮುಂದೆ ನಿಂತೆ.

ಅಸಂಪ್ತಾ ಹೊಸ್ತಿಲ ಮೇಲೆ ನಿಂತವಳು ಒಳಗಿನ ಗೋಡೆ ನೋಡಿದಳು. ಶುಭ್ರವಾದ ಬಿಳಿ ಗೋಡೆ. ಫೋನ್ ನಂಬರು ಕೂಡ ಇರಲಿಲ್ಲ.

"ಇಲ್ಲ," ಎಂದಳು.

"ಏನು ಇಲ್ಲ?"

"ನಾನು ನೋಡ್ತೀನಿ ಹುಡುಗಿ. ಕಳ್ಕೊಳ್ಳೋದೇ ಆದ್ರೆ ನೋಡಿ ಕಳ್ಕೊಳ್ತೀನಿ. ಅವನು ಕಿಲ್ಡೇರಿಗೆ ಹೋದ್ಮೇಲೆ ಕಣ್ಣು ಮುಚ್ಚಿದ್ರೆ ನಂಗೆ ಬರೀ ಬಾಗಿಲು ಕಾಣಬಾರದು."

ಅವಳು ತಿರುಗಿ, ಸಾಲನ್ನು ಸೀಳಿಕೊಂಡು ಹೊರಟೇ ಹೋದಳು. ಹಸಿರು ಟೋಪಿಯವಳು "ಹಿಡೀರೇ ಅವಳನ್ನ, ನನ್ನ ಇಪ್ಪತ್ತು!" ಎಂದು ಕೂಗಿದ್ದು ಚಿಪ್ಸ್ ಗಾಡಿಯವರೆಗೆ ಕೇಳಿಸುತ್ತಿತ್ತು. ಸಿಬ್ಬಂದಿಯಾಗಿ ನಾನು ಏನು ಮಾಡಬೇಕಿತ್ತೋ ತಿಳಿಯದು. ಮಾಡಿದ್ದೆಂದರೆ ನಲ್ಲಿ ನಿಲ್ಲಿಸಿ, ಅವಳ ಹಿಂದೆ ಓಡಿದೆ.

ಸ್ಟ್ಯಾಂಡಿಗೆ ಹೋಗುವಂತಿರಲಿಲ್ಲ, ಅಲ್ಲಿ ವೀಲನ್ ಇದ್ದ. ಆದ್ದರಿಂದ ಮೈದಾನದ ಇನ್ನೊಂದು ತುದಿಗೆ, ಕೊನೆಯ ಬೇಲಿಯ ಪಕ್ಕಕ್ಕೆ, ಕಾಲ ಗಿಣ್ಣು ಮುಳುಗುವ ಕೆಸರಿನಲ್ಲಿ ನಡೆದೆವು. ಅಲ್ಲಿ ನಾವಿಬ್ಬರು, ಬೇಲಿ ಕಾಯುವವನೊಬ್ಬ, ಮತ್ತೆ ಗಾಳಿ. ಆ ಗಾಳಿ ಮೈಕಿನ ಮಾತನ್ನೆಲ್ಲ ಬೇರೆ ಸೀಮೆಗೆ ಹೊತ್ತುಕೊಂಡು ಹೋಗುತ್ತಿತ್ತು. ಒಂದಕ್ಷರ ಕೇಳುತ್ತಿರಲಿಲ್ಲ. ದುರ್ಬೀನು ವ್ಯಾನಿನಲ್ಲೇ ಉಳಿದಿತ್ತು, ಟಾಯ್ಲೆಟ್ಟಿಗೆ ಯಾರೂ ದುರ್ಬೀನು ಒಯ್ಯುವುದಿಲ್ಲ.

ಓಟ ಶುರುವಾಯಿತು ಎಂಬುದು ದೂರದಲ್ಲಿ ಒಂದು ಕಂದು ಮುದ್ದೆ ಅಲುಗಾಡಿದ್ದರಿಂದ ತಿಳಿಯಿತು.

"ಎಲ್ಲಿ? ಯಾವುದು ಅವನು?" ಎಂದಳು.

"ಅದೇ... ಆ ಕಂದು."

"ಎಲ್ಲಾನೂ ಕಂದೇ ಕಣೇ!"

ನಿಜ. ಮೊದಲ ಬೇಲಿ ದಾಟುವಷ್ಟರಲ್ಲಿ ಕೆಂಪಂಗಿ, ನೀಲಿಯಂಗಿ, ಬಿಳಿ ಕುದುರೆ ಎಂಬ ಭೇದವೆಲ್ಲ ಅಳಿಸಿಹೋಗಿತ್ತು. ಮೊದಲ ಸುತ್ತಿನಲ್ಲಿ ಅವು ನಮ್ಮ ಮುಂದೆ ಹಾದಾಗ ಒಂದಷ್ಟು ಹೊಟ್ಟೆಗಳು, ಬೈಗುಳಗಳು ಮತ್ತು ಒಂದು ಬುಟ್ಟಿ ಮಣ್ಣು ನಮ್ಮ ಮೇಲೆ ಬಿದ್ದವು. ಮತ್ತೆ ದೂರ ಹೋದವು. ಎರಡು ಕುದುರೆ ಬಿದ್ದವು, ಅಲ್ಲೆಲ್ಲೋ ಆಚೆ. ಯಾವುವು? ಅಸಂಪ್ತಾಳ ಬಲಗೈ ಪಕ್ಕದ ಕಟಾಂಜನದ ಕಂಬವನ್ನು ಮೇಲಿನಿಂದ ಕೆಳಗೆ ಸವರತೊಡಗಿತು, ಎಲ್ಲಿ ಬಿಸಿಯಿದೆಯೆಂದು ಹುಡುಕುವ ಹಾಗೆ.

ನಾನು ಕುದುರೆ ನೋಡುವುದನ್ನು ಬಿಟ್ಟು ಅವಳನ್ನು ನೋಡುತ್ತಿದ್ದೆ. ಕೊನೆಯ ತಿರುವಿನಲ್ಲಿ ನಾಲ್ಕು ಕುದುರೆ ಒಟ್ಟಿಗೆ ಬರುವಾಗ ಅವಳು ತಟ್ಟನೆ ಕಣ್ಣು ಮುಚ್ಚಿದಳು. ತಲೆ ಒಂದು ಕಡೆ ವಾಲಿಸಿದಳು.

"ಅವನಿದ್ದಾನೆ," ಎಂದಳು. "ನಮ್ಮ ಕಡೆಯಿಂದ ಎರಡನೆಯವನು."

"ಕಣ್ಣು ಬಿಡು ಮಾರಾಯ್ತಿ, ನೋಡೋಕೆ ಬಂದವಳು ನೀನು!"

ಬಿಟ್ಟಳು. ಅಷ್ಟರಲ್ಲಿ ಟೆಡ್ ನಮ್ಮ ತಲೆಯ ಮೇಲಿದ್ದ. ಅಷ್ಟು ಎತ್ತರ, ಅಷ್ಟು ಹತ್ತಿರ, ಕಿವಿ ಎರಡೂ ಮುಂದಕ್ಕೆ. ಅಸಂಪ್ತಾಳ ಎರಡೂ ಬೂಟು ಕೆಸರಿನಿಂದ ಪಚಕ್ಕೆಂದು ಮೇಲೆದ್ದವು. ಅವನು ಇಳಿದ, ಇವಳೂ ಇಳಿದಳು, ಆಮೇಲೆ ನಮಗೆ ಉಳಿದದ್ದು ನಾಲ್ಕು ಬಾಲಗಳು. ಹಿಂದಿನಿಂದ ನೋಡಿದರೆ ಯಾವ ಬಾಲ ಮುಂದಿದೆ ಎಂದು ಹೇಳುವುದು ಯಾರಿಂದಲೂ ಆಗದು.

ಸ್ಟ್ಯಾಂಡಿನಿಂದ ದೊಡ್ಡ ಕೂಗೆದ್ದಿತು. ಬೇಲಿ ಕಾಯುವವನು ರೇಡಿಯೋ ಕಿವಿಗಿಟ್ಟುಕೊಂಡು, "ಪೂಜೆಗೆ ತಡ," ಎಂದ. "ಅರ್ಧ ಕುದುರೆಯುದ್ದ."

ಅಷ್ಟು ದೂರದ ಕೆಸರಿನಲ್ಲಿ ಕೋಟು ಎತ್ತಿ ಹಿಡಿದು, ಅರವತ್ತೊಂದು ವರ್ಷದವಳು ಓಡಿದಳು. ಮೈಕಿನವನು ಈ ಸಲವೂ ಟ್ರೇನರ್ ಎಲ್ಲಿ ಎಂದು ಮೂರು ಸಲ ಕರೆಯಬೇಕಾಯಿತು.

ಬಹುಮಾನದ ಕಟಕಟೆಯಲ್ಲಿ ಟೆಡ್ ಹೊಗೆಯಾಡುತ್ತ ನಿಂತಿದ್ದ. ಅವಳು ಯಾರನ್ನೂ ನೋಡದೆ ಮೊದಲು ಬಗ್ಗಿ ಅವನ ನಾಲ್ಕೂ ಕಾಲು ಸವರಿದಳು. ವೀಲನ್ ಕ್ಯಾಮೆರಾದವರಿಗೆ ಕೈಯೆತ್ತಿ ಹೇಳುತ್ತಿದ್ದ. "ಮೂರನೇ ಬಾಗಿಲು! ನಾನು ಹೇಳಿರ್ಲಿಲ್ವಾ? ಒಳಗಿದ್ಲು, ಗೆದ್ದ!"

ಆಮೇಲೆ ಅವನ ಕಣ್ಣು ಕೆಳಗಿಳಿಯಿತು. ಅವಳ ಬೂಟು, ಕಾಲು, ಕಂದು ಕೋಟಿನ ಅಂಚು, ಮಂಡಿಯವರೆಗೆ ಕೆಸರು. ನನ್ನ ಕಡೆ ನೋಡಿದ. ನನ್ನ ಕೈಗಳು ಮೊದಲ ಬಾರಿಗೆ ಕೊಳಕಾಗಿದ್ದವು.

"ಲಿಮರಿಕ್‌ನ ಟಾಯ್ಲೆಟ್ಟಲ್ಲಿ ಇಷ್ಟೊಂದು ಕೆಸರಾ?" ಎಂದ ಮೆಲ್ಲಗೆ.

ಮಾಟಿ ಹಗ್ಗ ನೋಡಿದ. ವೀಲನ್ ಜೇಬಿಗೆ ಕೈಹಾಕಿ, ಚಿಲಕ ತೆಗೆದು, ಅದನ್ನು ತಿರುವಿ ಮುರುವಿ ನೋಡಿ, ಅಸಂಪ್ತಾಳ ಕೈಯಲ್ಲಿಟ್ಟ.

"ನೀನೇ ಇಟ್ಕೋ. ಕುದುರೇನೂ ನೀನೇ ಇಟ್ಕೋ. ಕಿಲ್ಡೇರಿನವನ ನಂಬರು ಅಳಿಸಿಹಾಕ್ತೀನಿ." ಅವನ ದನಿ ಸ್ವಲ್ಪ ಒದ್ದೆಯಾಗಿತ್ತು. ಸಾವಿರ ಶವಯಾತ್ರೆ ಮಾಡಿಸಿಯೂ ಕಣ್ಣೊದ್ದೆ ಮಾಡಿಕೊಳ್ಳದವನು. "ಹದಿನಾಲ್ಕು ವರ್ಷ, ಅಸಂಪ್ತಾ. ಕೊನೆಗೂ ಕಣ್ಣಾರೆ ನೋಡಿದೆ. ಹೇಳು, ಹೇಗಿತ್ತು?"

ಪೇಪರಿನವನು ಪೆನ್ನು ಸಿದ್ಧ ಮಾಡಿಕೊಂಡ. ಹಸಿರು ಟೋಪಿಯವಳು ಕಟಕಟೆಯ ಮೇಲೆ ಬಾಗಿದಳು. ಅಸಂಪ್ತಾ ಹುಬ್ಬಿನ ಮೇಲಿನ ಕೆಸರನ್ನು ಒರೆಸಿಕೊಂಡು, ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಡಬೇಕೆಂಬ ಹಾಗೆ ನಿಧಾನವಾಗಿ ಯೋಚಿಸಿದಳು.

"ಮೈಕಿನವನ ಬಾಯಲ್ಲಿ ಅವನು ಇನ್ನೂ ಸ್ವಲ್ಪ ಜೋರಾಗಿ ಓಡ್ತಿದ್ದ," ಎಂದಳು. "ಮತ್ತೆ, ಅಲ್ಲಿ ಒಳಗಾದ್ರೆ ಕೂರೋಕೆ ಜಾಗ ಇತ್ತು."